ಬೆಕ್ಕಿರುವ ಮನೆಯಲ್ಲಿ ಮೀನಿನ ರಕ್ಷಣೆ

(ಸಂಘದ ವಾಚನಾಲಯದಲ್ಲಿ ಭಾನುವಾರದ ಸದಸ್ಯರ ಕೂಟದಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರೆಂದು ಕೇಳಿದ್ದೇವೆ. ಸಂಬಳ, ಬೋನಸ್ಸು, ಪ್ರಾವಿಡೆಂಟ್ ಫಂಡು, ಖೋಲಿಯ ಬಾಡಿಗೆ ಎಂದು ನೂರೆಂಟು ತಾಪತ್ರಯಗಳಿರುವಾಗ ಬೆಕ್ಕು ಮೀನುಗಳ ಪುರಾಣ ಯಾತಕ್ಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಳೆದ ಮಳೆಗಾಲದಲ್ಲಿ ಇದೇ ಖೋಲಿಯಲ್ಲಿ ಒಂದು ಬೆಕ್ಕು ಮತ್ತು ಎರಡು ಮೀನುಗಳ ಕಾರಣದಿಂದ ನಮ್ಮ ಕೈಯಿಂದಲೇ ಒಂದು ಅನ್ಯಾಯ ನಡೆದುಹೋಯಿತು. ಅದನ್ನು ಮುಚ್ಚಿಡದೆ ಹೇಳಬೇಕೆಂದೂ, ಮುಂದೆ ಯಾರ ಮನೆಯಲ್ಲಿಯೂ ಹಾಗಾಗದಂತೆ ಏನು ಮಾಡಬೇಕೆಂಬುದನ್ನು ತಿಳಿಸಬೇಕೆಂದೂ ಸಮಿತಿ ನಿರ್ಧರಿಸಿದೆ. ಆದ್ದರಿಂದ ದಯವಿಟ್ಟು ಸ್ವಲ್ಪ ಹೊತ್ತು ಕೇಳಬೇಕು.

ನಮ್ಮ ವಾಚನಾಲಯಕ್ಕೆ ಬೆಕ್ಕು ಬಂದದ್ದು ಹೇಗೆಂಬುದು ತಮಗೆ ಗೊತ್ತೇ ಇದೆ. ಹಳೆಯ ಮಾಸಪತ್ರಿಕೆಗಳ ಕಟ್ಟುಗಳನ್ನು ಇಲಿಗಳು ತಿಂದು ಪುಡಿಮಾಡುತ್ತಿದ್ದವು. ಪಾಷಾಣ ಇಡೋಣವೆಂದರೆ ಮಕ್ಕಳು ಬರುವ ಜಾಗ. ಅಷ್ಟರಲ್ಲಿ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು ಮೆಟ್ಟಿಲ ಕೆಳಗೆ ಬಂದು ಸೇರಿತು. ಮಕ್ಕಳು ಅದಕ್ಕೆ ‘ಮನೀ’ ಎಂದು ಹೆಸರಿಟ್ಟರು. ಎರಡು ತಿಂಗಳಲ್ಲಿ ಇಲಿಗಳ ಕಾಟ ನಿಂತಿತು.

ಮೀನುಗಳು ಬಂದದ್ದು ಮಕ್ಕಳ ಆಸೆಯಿಂದ. ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯಕ್ಕೆ ರಜೆಯ ದಿನ ಹೋಗಿಬಂದ ಕತೆಗಳನ್ನು ಹಿರಿಯರು ಹೇಳುತ್ತಿದ್ದರು. ಅದನ್ನು ಕೇಳಿ ಭಾನುವಾರದ ಕನ್ನಡ ತರಗತಿಯ ಮಕ್ಕಳು ತಾವೇ ವರ್ಗಣಿ ಕೂಡಿಸಿದರು. ನಾವೂ ಸ್ವಲ್ಪ ಸೇರಿಸಿ, ಕ್ರಾಫರ್ಡ್ ಮಾರ್ಕೆಟ್ಟಿನಿಂದ ಒಂದು ದುಂಡನೆಯ ಗಾಜಿನ ಭರಣಿಯನ್ನೂ ಎರಡು ಕೆಂಪು ಮೀನುಗಳನ್ನೂ ತಂದೆವು. ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟೆವು. ಭರಣಿಗೆ ಮುಚ್ಚಳವಿರಲಿಲ್ಲ. ಬೆಕ್ಕು ನಿತ್ಯ ಎದುರಿಗೆ ಕುಳಿತು ನೋಡುತ್ತಿತ್ತು. ‘ಪಾಪ, ಸಿನಿಮಾ ನೋಡುತ್ತಿದೆ’ ಎಂದು ನಾವು ನಗುತ್ತಿದ್ದೆವು.

ರಾತ್ರಿ ವಾಚನಾಲಯ ಮುಚ್ಚುವ ಕೆಲಸ ನಮ್ಮ ಒಬ್ಬ ತಮ್ಮನದು. ಕುಂದಾಪುರದ ಕಡೆಯವನು, ಹತ್ತೊಂಬತ್ತು ವರ್ಷ, ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸ. ಹತ್ತು ಗಂಟೆಗೆ ಪಾಳಿ ಮುಗಿಸಿ ಬಂದು, ಅರ್ಧ ತಾಸು ಓದಿ, ಬೀಗ ಹಾಕಿ ಹೋಗುವವನು. ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದ. ಮೀನಿಗೆ ಕಾಳು ಹಾಕುವುದೂ ಅವನೇ. ಒಂದು ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಭರಣಿ ನೆಲದ ಮೇಲೆ ಚೂರುಚೂರಾಗಿತ್ತು. ನೀರು ಪುಸ್ತಕದ ಕಪಾಟಿನ ಅಡಿಗೆ ಹರಿದಿತ್ತು. ಮೀನುಗಳಿರಲಿಲ್ಲ. ಭಾನುವಾರ ಮಕ್ಕಳು ಬಂದು ಅತ್ತರು.

ನಾವು ಆ ಹುಡುಗನನ್ನು ಕರೆದು ಎಲ್ಲರೆದುರಿಗೆ ಕೇಳಿದೆವು. ‘ಬೆಕ್ಕನ್ನು ಒಳಗೇ ಬಿಟ್ಟು ಬೀಗ ಹಾಕಿದೆಯಲ್ಲವೇ’ ಎಂದೆವು. ‘ಇಲ್ಲ ಅಣ್ಣ, ಅದನ್ನು ಹೊರಗೆ ಬಿಟ್ಟೇ ಬಾಗಿಲು ಹಾಕಿದ್ದೆ’ ಎಂದ. ನಾವು ನಂಬಲಿಲ್ಲ. ಒಬ್ಬರು ‘ಹೋಟೆಲಿನಲ್ಲಿ ಗ್ಲಾಸು ಒಡೆದರೆ ಸಂಬಳದಲ್ಲಿ ಹಿಡಿಯುವುದಿಲ್ಲವೇ, ಇಲ್ಲಿಯೂ ಹಿಡಿಯೋಣ’ ಎಂದು ಬಿಟ್ಟರು. ಮತ್ತೊಬ್ಬರು ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ದೂರದ ಯಾವುದಾದರೂ ಸ್ಟೇಷನ್ನಿನಲ್ಲಿ ಬಿಟ್ಟುಬರಬೇಕೆಂದರು. ಹುಡುಗ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮರುದಿನದಿಂದ ಓದುವುದಕ್ಕೂ ಬರಲಿಲ್ಲ.

ಆ ಹೊತ್ತಿನಲ್ಲಿ ಕಾಕಾ ಬಂದರು. ಅವರು ಇಪ್ಪತ್ತು ವರ್ಷ ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದವರು. 1982ರ ಮುಷ್ಕರದ ಬಳಿಕ ಅವರ ಗಿರಣಿ ಮತ್ತೆ ತೆರೆಯಲಿಲ್ಲ. ಅವರು ಯಾರ ಮಾತನ್ನೂ ಕೇಳದೆ ಮೊದಲು ಖೋಲಿಯನ್ನು ಸುತ್ತಿ ನೋಡಿದರು. ಕಿಟಕಿಯ ಮೇಲಿನ ಒಂದು ಗಾಜು ಒಡೆದಿತ್ತು. ಅದರ ಚೌಕಟ್ಟಿನ ಧೂಳಿನಲ್ಲಿ ಬೆಕ್ಕಿನ ಹೆಜ್ಜೆ ಸ್ಪಷ್ಟವಾಗಿ ಮೂಡಿತ್ತು. ಒಳಗೆ ಬಂದದ್ದೂ ಅಲ್ಲಿಂದಲೇ, ಹೊರಗೆ ಹೋದದ್ದೂ ಅಲ್ಲಿಂದಲೇ. ಕಾಕಾ ಹೇಳಿದರು: ‘ಬಾಗಲಾ ಹಾಕಿತ್ತೋ ತೆರದಿತ್ತೋ ಆಮ್ಯಾಲ ನೋಡೂಣು. ಮೊದಲ ಇದನ್ನ ಹೇಳ್ರಿ, ಆ ಭರಣಿಗೆ ಮುಚ್ಚಳ ಯಾಕ ಇರಲಿಲ್ಲ?’

ನಾವು ತಲೆ ತಗ್ಗಿಸಿದೆವು. ಆ ಗಾಜನ್ನು ಕೂಡಿಸಬೇಕೆಂದು ಮೂರು ತಿಂಗಳ ಹಿಂದೆಯೇ ಸಮಿತಿಯಲ್ಲಿ ಠರಾವು ಆಗಿತ್ತು. ನಡಾವಳಿ ಪುಸ್ತಕದಲ್ಲಿ ನಮ್ಮದೇ ಸಹಿಗಳಿವೆ. ಕೂಡಿಸಿದವರು ಯಾರೂ ಇಲ್ಲ.

ಬಂಧುಗಳೇ, ದುಡಿಯುವವರಾದ ನಮಗೆ ಈ ಮಾತು ಹೊಸದಲ್ಲ. ಯಂತ್ರದ ತಿರುಗುವ ಭಾಗಗಳಿಗೆ ಭದ್ರವಾದ ಕಾವಲು ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಹೇಳಿತು. ಯಾಕೆ ಹೇಳಬೇಕಾಯಿತು? ಕೈ ಸಿಕ್ಕಿಕೊಂಡಾಗಲೆಲ್ಲ ‘ಕೆಲಸಗಾರನ ಅಜಾಗ್ರತೆ’ ಎಂದು ಬರೆದು ಕೈ ತೊಳೆದುಕೊಳ್ಳುವವರು ಇದ್ದರು, ಅದಕ್ಕೆ. ಮಗ್ಗದಿಂದ ಲಾಳಿ ಹಾರಿ ಮುಖಕ್ಕೆ ಬಡಿದರೆ ಲಾಳಿಯನ್ನು ಬೈದು ಫಲವಿಲ್ಲ, ನೇಯುವವನನ್ನು ಬೈಯುವುದು ಪಾಪ, ಕಾವಲು ಹಾಕದವನನ್ನು ಕೇಳಬೇಕು. ಈ ಪಾಠವನ್ನು ಎಷ್ಟೋ ಸಭೆಗಳಲ್ಲಿ ಗಂಟಲು ಹರಿಯುವಂತೆ ಹೇಳಿದವರು ನಾವು. ನಮ್ಮ ಮೇಜಿನ ಮೇಲಿನ ಭರಣಿಯ ಸಂಗತಿ ಬಂದಾಗ ನಾವೇ ಮಾಲಿಕರಂತೆ ಮಾತನಾಡಿದೆವು. ಅದೇ ಸಂಜೆ ನಾವು ಮೂವರು ಆ ಹುಡುಗನಿರುವ ಹೋಟೆಲಿಗೆ ಹೋಗಿ, ಪಾಳಿ ಮುಗಿಯುವವರೆಗೆ ಕಾದು, ತಪ್ಪಾಯಿತೆಂದು ಹೇಳಿಬಂದೆವು.

ಆ ಮೇಲೆ ಕಾಕಾ ಒಂದು ಷರತ್ತು ಹಾಕಿದರು. ಬೆಕ್ಕೂ ಇರಲಿ, ಮೀನೂ ಬರಲಿ, ಆದರೆ ಎರಡರ ಸ್ವಭಾವವನ್ನೂ ತಿಳಿದುಕೊಂಡ ಮೇಲೆ ಬರಲಿ, ಎಂದು. ನಾವು ಓದಿ, ಮೀನು ಸಾಕುವವರನ್ನೂ ಪಶುವೈದ್ಯರನ್ನೂ ಕೇಳಿ ತಿಳಿದುಕೊಂಡದ್ದನ್ನು ಈಗ ಹೇಳುತ್ತೇವೆ.

ಮೊದಲು ಬೆಕ್ಕಿನ ವಿಚಾರ. ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡುವುದಿಲ್ಲ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇದು ಸುಳ್ಳು. ಬೆಕ್ಕಿಗೆ ಹಸಿವೆ ಬೇರೆ, ಬೇಟೆಯ ಚಪಲ ಬೇರೆ. ಚಲಿಸುವ ಸಣ್ಣ ವಸ್ತುವನ್ನು ಕಂಡರೆ ಅದರ ಪಂಜ ತಾನಾಗಿಯೇ ಮೇಲೇಳುತ್ತದೆ. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಈ ಚಪಲ ಹೆಚ್ಚು. ನಿಂತ ನೆಲದಿಂದಲೇ ಆಳಿನ ಎದೆಯ ಮಟ್ಟಕ್ಕೆ ಹಾರುವ ಶಕ್ತಿ ಅದಕ್ಕಿದೆ. ಹೀಗಿರುವಾಗ ಅದನ್ನು ಕಳ್ಳನೆಂದು ಬಡಿಯುವುದರಿಂದ ಉಪಯೋಗವಿಲ್ಲ. ಏಟು ತಿಂದ ಬೆಕ್ಕು ನಮಗೆ ಹೆದರುತ್ತದೆ, ಮೀನಿನ ಆಸೆಯನ್ನು ಬಿಡುವುದಿಲ್ಲ. ನಾವಿಲ್ಲದ ಹೊತ್ತನ್ನು ನೋಡಿ ಬರುತ್ತದೆ, ಅಷ್ಟೆ.

ಇನ್ನು ಮೀನಿನ ವಿಚಾರ. ಬೆಕ್ಕು ಮುಟ್ಟದಿದ್ದರೂ ಆ ದುಂಡು ಭರಣಿಯಲ್ಲಿ ನಮ್ಮ ಮೀನುಗಳು ಬಹಳ ದಿನ ಬಾಳುತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಮೀನಿನ ಮಲದಿಂದಲೂ ಉಳಿದ ಕಾಳಿನಿಂದಲೂ ನೀರಿನಲ್ಲಿ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ದೊಡ್ಡ ತೊಟ್ಟಿಯಲ್ಲಿ, ಕಲ್ಲುಹರಳಿನ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಮೆಲ್ಲಗೆ ನಿರಪಾಯ ಮಾಡುತ್ತವೆ. ಸಣ್ಣ ಭರಣಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಕೆಂಪು ಮೀನು, ಅಂದರೆ ಗೋಲ್ಡ್‌ಫಿಶ್, ಗೇಣುದ್ದ ಬೆಳೆಯಬಲ್ಲದು. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಹತ್ತಡಿಯ ಖೋಲಿಗೆ ಅದು ತಕ್ಕುದಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಗರಪಾಲಿಕೆಯವರು ಬಾವಿಗಳಿಗೆ ಬಿಡುವ ಗಪ್ಪಿ ಮೀನುಗಳು ಸಣ್ಣವು, ಗಟ್ಟಿ ಜೀವದವು, ಮುಂಬಯಿಯ ಸೆಕೆಗೆ ಒಗ್ಗಿದವು. ನಮ್ಮಂಥವರಿಗೆ ಅವೇ ಒಳ್ಳೆಯವು.

ಈಗ ರಕ್ಷಣೆಯ ಉಪಾಯಗಳನ್ನು ಒಂದೊಂದಾಗಿ ಹೇಳುತ್ತೇವೆ.

ಒಂದನೆಯದು ಪಾತ್ರೆ. ದುಂಡು ಭರಣಿ ಬೇಡವೇ ಬೇಡ. ಐದಾರು ಲೀಟರ್ ನೀರಿನ ಭರಣಿ ಆರೇಳು ಕಿಲೋ ತೂಗುತ್ತದೆ, ಬೆಕ್ಕು ಮೂರು ನಾಲ್ಕು ಕಿಲೋ. ಮುಂಗಾಲು ಊರಿ ಜಗ್ಗಿದರೆ ಭರಣಿ ಸರಿದು ಬೀಳುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಚೌಕ ತೊಟ್ಟಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ನೀರೇ 56 ಕಿಲೋ, ಗಾಜು ಮತ್ತು ಕಲ್ಲು ಸೇರಿ ಎಪ್ಪತ್ತರ ಹತ್ತಿರ. ಬೆಕ್ಕು ಅದನ್ನು ಅಲುಗಿಸಲಾರದು. ಆದರೆ ಅದನ್ನು ಹೊರುವ ಮೇಜು ಸಹ ಅಷ್ಟೇ ಗಟ್ಟಿಯಾಗಿರಬೇಕು.

ಎರಡನೆಯದು ಮುಚ್ಚಳ. ಇದೇ ಎಲ್ಲಕ್ಕಿಂತ ಮುಖ್ಯ. ಮೇಲೆ ಸುಮ್ಮನೆ ಇಟ್ಟ ಹಲಗೆಯನ್ನು ಬೆಕ್ಕು ಮೂಗಿನಿಂದ ಸರಿಸುತ್ತದೆ. ನೈಲಾನ್ ಬಲೆಯನ್ನು ಉಗುರಿನಿಂದ ಹರಿಯುತ್ತದೆ, ಇಲ್ಲವೆ ಅದರ ಮೇಲೆ ಮಲಗಿ ಜೋತುಬೀಳಿಸುತ್ತದೆ. ಮುಚ್ಚಳದ ಮೇಲೆ ಇಟ್ಟಿಗೆ ಇಡುವುದು ಇನ್ನೂ ಕೆಟ್ಟದ್ದು, ಬಿದ್ದರೆ ಗಾಜೇ ಒಡೆಯುತ್ತದೆ. ಕಾಕಾ ಮಾಡಿಕೊಟ್ಟದ್ದು ಮರದ ಚೌಕಟ್ಟು. ಡಬ್ಬಿಯ ಮುಚ್ಚಳದಂತೆ ನಾಲ್ಕೂ ಕಡೆ ಎರಡು ಬೆರಳಗಲ ಕೆಳಗಿಳಿದು ತೊಟ್ಟಿಯನ್ನು ಅಪ್ಪಿಹಿಡಿಯುತ್ತದೆ, ಇಕ್ಕೆಲಗಳಲ್ಲಿ ಕೊಂಡಿ ಇದೆ. ನಡುವೆ ಸ್ಟೀಲಿನ ತಂತಿಬಲೆ. ಸತುವು ಬಳಿದ ಕಬ್ಬಿಣದ ಬಲೆ ಅಗ್ಗವೇನೋ ಹೌದು, ಆದರೆ ಸತುವು ನೀರಿಗೆ ಇಳಿದರೆ ಮೀನಿಗೆ ಕೇಡು. ಕಾಳು ಹಾಕಲು ಒಂದು ಸಣ್ಣ ಕಿಂಡಿ, ಅದಕ್ಕೂ ಚಿಲಕ. ಗಾಜಿನ ಮುಚ್ಚಳ ಹಾಕುವವರು ಗಾಳಿ ಆಡಲು ಮೂಲೆಯಲ್ಲಿ ಸಂದು ಬಿಡಬೇಕು. ಕೆಲವು ಮೀನುಗಳು, ಮುಖ್ಯವಾಗಿ ಬೆಟ್ಟಾ ಎಂಬ ಕಾಳಗದ ಮೀನು, ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತವೆ. ನೀರನ್ನು ಅಂಚಿನವರೆಗೆ ತುಂಬದೆ ಮೂರು ಬೆರಳಿನಷ್ಟು ಕೆಳಗೆ ನಿಲ್ಲಿಸಬೇಕು. ಮೀನೇ ಹಾರಿ ಹೊರಗೆ ಬೀಳುವುದೂ ಉಂಟು. ಮುಚ್ಚಳ ಅದನ್ನೂ ತಡೆಯುತ್ತದೆ.

ಮೂರನೆಯದು ಜಾಗ. ಎತ್ತರದ ಕಪಾಟಿನ ಮೇಲಿಟ್ಟರೆ ಕ್ಷೇಮ ಎಂಬುದು ಭ್ರಮೆ. ಅಲ್ಲಿಂದ ಬಿದ್ದರೆ ನಷ್ಟ ಇಮ್ಮಡಿ. ಖೋಲಿಯ ಮೂಲೆಯಲ್ಲಿ, ಎರಡು ಕಡೆ ಗೋಡೆ ಇರುವಂತೆ ಇಡಬೇಕು. ಪಕ್ಕದಲ್ಲಿ ಟ್ರಂಕು, ಕುರ್ಚಿ, ಸುತ್ತಿಟ್ಟ ಹಾಸಿಗೆ ಇರಬಾರದು. ಅವು ಬೆಕ್ಕಿಗೆ ಮೆಟ್ಟಿಲಾಗುತ್ತವೆ. ನೇರ ಬಿಸಿಲು ಬೀಳುವ ಕಿಟಕಿಯೂ ಬೇಡ, ನೀರು ಕಾದು ಪಾಚಿ ಕಟ್ಟುತ್ತದೆ. ಮೇಜಿನ ಅಂಚಿಗೆ ಎರಡೂ ಕಡೆ ಅಂಟುವ ಟೇಪು ಹಚ್ಚಿದರೆ ಬೆಕ್ಕಿನ ಪಾದಕ್ಕೆ ಅಸಹ್ಯವಾಗಿ ತಾನೇ ದೂರ ಸರಿಯುತ್ತದೆ.

ನಾಲ್ಕನೆಯದು ಮರೆ. ಬೆಕ್ಕು ಒಳಗೆ ಕೈ ಹಾಕದಿದ್ದರೂ ಹಗಲೆಲ್ಲ ಗಾಜಿನಾಚೆ ಕುಳಿತು ಪಂಜ ಬಡಿಯುತ್ತಿದ್ದರೆ ಮೀನು ಭಯದಿಂದ ಸೊರಗುತ್ತದೆ. ಮೀನಿನ ಮೈಯ ಎರಡೂ ಬದಿಯಲ್ಲಿ ನೀರಿನ ಅಲುಗಾಟವನ್ನು ಅರಿಯುವ ಒಂದು ಗೆರೆ ಇದೆ, ಗಾಜಿಗೆ ತಟ್ಟಿದ್ದು ಅದಕ್ಕೆ ಕೂಡಲೇ ತಿಳಿಯುತ್ತದೆ. ಆದ್ದರಿಂದ ತೊಟ್ಟಿಯ ಹಿಂಬದಿಗೂ ಒಂದು ಪಕ್ಕಕ್ಕೂ ದಪ್ಪ ಕಾಗದ ಅಂಟಿಸಬೇಕು. ಒಳಗೆ ನೀರುಗಿಡಗಳನ್ನು ನೆಡಬೇಕು. ಒಂದು ಸಣ್ಣ ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿಟ್ಟರೆ ಅಡಗಲು ಮನೆಯಾಯಿತು. ಮಕ್ಕಳೂ ಗಾಜಿಗೆ ತಟ್ಟಬಾರದು.

ಐದನೆಯದು ವಿದ್ಯುತ್ತು. ಗಾಳಿಯ ಪಂಪಿನ ವಾಯರನ್ನು ಬೆಕ್ಕಿನ ಮರಿಗಳು ಕಚ್ಚುತ್ತವೆ. ವಾಯರನ್ನು ಪ್ಲಾಸ್ಟಿಕ್ ಕೊಳವೆಯೊಳಗಿಂದ ಒಯ್ಯಬೇಕು. ಪ್ಲಗ್ಗಿಗೆ ಹೋಗುವ ಮೊದಲು ವಾಯರು ಒಮ್ಮೆ ಕೆಳಗೆ ಬಳುಕಿ ಮೇಲೇರುವಂತಿದ್ದರೆ, ಅದರ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಇಲ್ಲವಾದರೆ ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ.

ಆರನೆಯದು ನೀರು ಮತ್ತು ಮದ್ದು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೇಟಿನಲ್ಲಿ ಒಂದು ದಿನ ಇಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಿಸಬೇಕು. ಎಲ್ಲ ನೀರನ್ನೂ ಒಮ್ಮೆಲೇ ಚೆಲ್ಲಬಾರದು. ತೊಟ್ಟಿಯ ನೀರನ್ನು ಬೆಕ್ಕು ಕುಡಿಯುವ ರೂಢಿಯಾದರೆ ಅಪಾಯವಿದೆ. ಮೀನಿನ ರೋಗಕ್ಕೆ ಹಾಕುವ ನೀಲಿ ಮದ್ದು, ಮೆಥಿಲೀನ್ ಬ್ಲೂ, ಬೆಕ್ಕಿನ ರಕ್ತಕ್ಕೆ ವಿಷ. ಬೆಕ್ಕಿಗೆ ಕುಡಿಯಲು ಬೇರೆ ಬಟ್ಟಲಿನಲ್ಲಿ ಶುದ್ಧ ನೀರು ಸದಾ ಇರಲಿ. ಮೀನಿನಿಂದ ಬೆಕ್ಕನ್ನು ಕಾಯುವುದೂ ನಮ್ಮ ಕೆಲಸವೇ.

ಏಳನೆಯದು ಬೆಕ್ಕಿನ ಊಟ ಮತ್ತು ಆಟ. ಅನ್ನ ಹಾಲಿನಲ್ಲಿ ಬೆಕ್ಕು ಬಾಳುತ್ತದೆಂದು ನಾವು ತಿಳಿದಿದ್ದೆವು. ಅದು ಮಾಂಸಾಹಾರಿ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಿಗದಿದ್ದರೆ ಅದರ ಕಣ್ಣೂ ಗುಂಡಿಗೆಯೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬೇಯಿಸಿ ಮುಳ್ಳು ತೆಗೆದ ಮೀನು, ಕೋಳಿಯ ಚೂರು ಒಳ್ಳೆಯದು. ಹಸಿ ಮೀನೊಂದನ್ನೇ ನಿತ್ಯ ಹಾಕಿದರೆ ಬಿ ಒಂದು ಎಂಬ ಜೀವಸತ್ವ ನಾಶವಾಗಿ ಕಾಯಿಲೆ ಬರುವುದುಂಟು. ಸಂಜೆ ಹತ್ತು ನಿಮಿಷ ಹಗ್ಗದ ತುದಿಗೆ ಚಿಂದಿಯ ಉಂಡೆ ಕಟ್ಟಿ ಆಡಿಸಬೇಕು. ಆಡಿಸಿ, ಊಟ ಹಾಕಿದರೆ ಬೇಟೆಯ ಚಪಲ ತೀರಿ ಮಲಗುತ್ತದೆ. ಆದರೂ ಮುಚ್ಚಳದ ಕೊಂಡಿ ಹಾಕುವುದನ್ನು ಬಿಡಬಾರದು.

ಎಂಟನೆಯದು ಕಾವಲು. ಹೊಸ ತೊಟ್ಟಿ ಬಂದ ಮೊದಲ ವಾರಗಳಲ್ಲಿ ಬೆಕ್ಕನ್ನೂ ತೊಟ್ಟಿಯನ್ನೂ ಯಾರೂ ಇಲ್ಲದ ಖೋಲಿಯಲ್ಲಿ ಬಿಡಬಾರದು. ಬೆಕ್ಕು ಹತ್ತಲು ಹೊರಟರೆ ಚಪ್ಪಾಳೆ ತಟ್ಟಿ, ಎತ್ತಿ ಬೇರೆಡೆ ಇಡಬೇಕು. ನೀರು ಬದಲಿಸುವಾಗ ಮುಚ್ಚಳ ತೆಗೆದಿರುತ್ತದೆ. ಆ ಹೊತ್ತಿಗೆ ಬೆಕ್ಕು ಹೊರಗಿರಲಿ, ಬಾಗಿಲು ಹಾಕಿರಲಿ.

ಇಷ್ಟಾದರೂ ಅಪಘಾತವಾದರೆ ಏನು ಮಾಡಬೇಕು? ತೊಟ್ಟಿ ಒಡೆದಿದ್ದರೆ ಮೊದಲು ಸ್ವಿಚ್ಚು ಆರಿಸಿ, ಮಕ್ಕಳನ್ನು ದೂರ ಮಾಡಬೇಕು. ಮೀನು ನೆಲದ ಮೇಲಿದ್ದರೆ ಸತ್ತಿತೆಂದು ಕೂಡಲೇ ಕೈಬಿಡಬಾರದು. ಕಿವಿರು ತೇವವಿರುವ ತನಕ ಆಸೆ ಇದೆ. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆಯ ಪದರ ಕಿತ್ತುಬರುತ್ತದೆ. ಆದ್ದರಿಂದ ಕೈ ಒದ್ದೆ ಮಾಡಿಕೊಂಡು ಎತ್ತಿ, ತೊಟ್ಟಿಯಲ್ಲಿ ಉಳಿದ ಹಳೆಯ ನೀರಿನಲ್ಲಿ, ಅದಿಲ್ಲದಿದ್ದರೆ ಒಂದು ದಿನ ಇಟ್ಟ ಬಕೇಟಿನ ನೀರಿನಲ್ಲಿ ಬಿಡಬೇಕು. ದೀಪ ಆರಿಸಿ, ಒಂದು ದಿನ ಕಾಳು ಹಾಕದೆ ಸುಮ್ಮನೆ ಬಿಡಬೇಕು. ಹರಿದ ರೆಕ್ಕೆ ಶುದ್ಧ ನೀರಿನಲ್ಲಿ ಮತ್ತೆ ಬೆಳೆಯುತ್ತದೆ.

ಬೆಕ್ಕನ್ನು ಚೀಲದಲ್ಲಿ ತುಂಬಿ ಬಿಟ್ಟುಬರುವ ಮಾತಿಗೆ ಈಗ ಉತ್ತರ ಹೇಳಬೇಕು. ಹಸಿವೆ ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನು ತೊರೆದುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಊರು ಬಿಟ್ಟು ಈ ಶಹರಕ್ಕೆ ಬಂದು, ಗುರುತಿಲ್ಲದ ಸ್ಟೇಷನ್ನಿನಲ್ಲಿ ಇಳಿದು, ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದೆ ನಿಂತವರು ನಾವು. ಆ ಅವಸ್ಥೆ ಎಂಥದೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಲಿಗಳಿಂದ ನಮ್ಮ ಪುಸ್ತಕಗಳನ್ನು ಕಾದ ಜೀವವನ್ನು, ಅದು ತನ್ನ ಸ್ವಭಾವದಂತೆ ನಡೆದಿತೆಂದು ಬೀದಿಗೆ ತಳ್ಳುವುದು ನ್ಯಾಯವಲ್ಲ.

ಈಗಿನ ಸ್ಥಿತಿಯನ್ನು ತಿಳಿಸಿ ಮುಗಿಸುತ್ತೇವೆ. ಕಿಟಕಿಯ ಗಾಜು ಕೂಡಿಸಿದ್ದಾಗಿದೆ. ಹೊಸ ತೊಟ್ಟಿ ಮೂಲೆಯಲ್ಲಿದೆ, ತಾವೇ ನೋಡುತ್ತಿದ್ದೀರಿ. ಕಾಕಾನ ಮುಚ್ಚಳ ಅದರ ಮೇಲಿದೆ. ಆರು ಗಪ್ಪಿಗಳನ್ನು ಬಿಟ್ಟಿದ್ದೆವು, ಈಗ ಎಷ್ಟಾಗಿವೆ ಎಂದು ಮಕ್ಕಳಿಗೂ ಲೆಕ್ಕ ಸಿಗುತ್ತಿಲ್ಲ. ಮನೀ ಮೊದಲ ಎರಡು ವಾರ ಮುಚ್ಚಳವನ್ನು ಕೆರೆದು ನೋಡಿತು. ಈಗ ಅದರ ಕಡೆ ತಿರುಗದೆ ವರ್ತಮಾನಪತ್ರಗಳ ಕಟ್ಟಿನ ಮೇಲೆ ಮಲಗುತ್ತದೆ. ಆ ಹುಡುಗ ಎಂಟು ದಿನ ಬಿಟ್ಟು ಬಂದ. ಬೀಗದ ಕೈಯನ್ನು ನಾವು ಅವನ ಕೈಯಲ್ಲಿ ಕೊಟ್ಟಾಗ ಏನೂ ಮಾತನಾಡಲಿಲ್ಲ. ಮುಚ್ಚಳದ ಎರಡು ಕೊಂಡಿಗಳನ್ನೂ ಎಳೆದು ನೋಡಿದ, ಕಾಳಿನ ಡಬ್ಬಿ ಎಲ್ಲಿದೆ ಎಂದು ಕೇಳಿದ.

ಸಮಿತಿಯ ಪರವಾಗಿ ಒಂದು ಸೂಚನೆ: ಮನೆಯಲ್ಲಿ ಮೀನು ಸಾಕಿದವರಿಗೆ ಮುಚ್ಚಳ ಬೇಕಿದ್ದರೆ ಅಳತೆ ಬರೆದು ಕಚೇರಿಯಲ್ಲಿ ಕೊಡಬೇಕು. ಮರ ಮತ್ತು ಬಲೆಯ ಖರ್ಚು ತಮ್ಮದು, ಕೂಲಿ ಇಲ್ಲ. ಹಾಗೆಯೇ, ಇನ್ನು ಮುಂದೆ ಯಾವುದಾದರೂ ಒಡೆದರೆ ‘ಯಾರು ಒಡೆದರು’ ಎಂದು ಕೇಳುವ ಮೊದಲು ‘ಯಾಕೆ ಒಡೆಯಿತು’ ಎಂದು ಕೇಳಬೇಕೆಂಬ ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆದು ನಾವೆಲ್ಲರೂ ಸಹಿ ಮಾಡಿದ್ದೇವೆ. ಈ ಸಲ ಅದನ್ನು ಜಾರಿಯಲ್ಲಿಯೂ ತರುತ್ತೇವೆ.